ಬೋರ್ಡ್ ಕಿತ್ತುಹಾಕಬೇಡಿ: ಬೆಂಗಳೂರಿನ ಆ್ಯಪ್ ಮಂದಿಗೆ ಒಂದು ಬಹಿರಂಗ ಪತ್ರ

ಆ್ಯಪ್ ಮಾಡುವ ಗೆಳೆಯರೇ, ನಮಸ್ಕಾರ.

ಕೋರಮಂಗಲ, ಎಚ್‌ಎಸ್‌ಆರ್, ಬೆಳ್ಳಂದೂರು ಕಡೆಯ ಆಫೀಸುಗಳಲ್ಲಿ ಕೂತು, ನಾವೆಲ್ಲ ದಿನಾ ಬಳಸುವ ಆ್ಯಪ್‌ಗಳನ್ನು ರೂಪಿಸುವ ಡಿಸೈನರ್‌ಗಳಿಗೆ, ಪ್ರಾಡಕ್ಟ್ ಮ್ಯಾನೇಜರ್‌ಗಳಿಗೆ ಈ ಪತ್ರ. ನಾನು ನಿಮಗೆ ಪೂರ್ತಿ ಹೊರಗಿನವಳಲ್ಲ. ಹನ್ನೊಂದು ವರ್ಷದಿಂದ ಆ್ಯಪ್‌ಗಳಿಗೆ ಕನ್ನಡ ಬರೆಯುವುದೇ ನನ್ನ ಹೊಟ್ಟೆಪಾಡು. ನೀವು ಮಾಡಿದ ಸ್ಕ್ರೀನಿನ ಮಾತುಗಳು ಒಂದು ಶೀಟಿನಲ್ಲಿ ನನ್ನ ಹತ್ತಿರ ಬರುತ್ತವೆ. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ. ಆ ಖಾಲಿ ತುಂಬುವವಳು ನಾನು. 'ಸಬ್ಮಿಟ್' ಅನ್ನುವುದಕ್ಕೆ 'ಸಲ್ಲಿಸಿ' ಅಂತ ಹಾಕಬೇಕೋ 'ಕಳಿಸಿ' ಅಂತ ಹಾಕಬೇಕೋ ಎಂದು ಒಂದು ಮಧ್ಯಾಹ್ನ ಪೂರ್ತಿ ಜಗಳ ಆಡಿದ್ದೇನೆ. ಬಟನ್ನಿನಲ್ಲಿ ಅಷ್ಟುದ್ದ ಹಿಡಿಸಲ್ಲ ಅಂತ ನೀವು, ಇನ್ನೂ ಗಿಡ್ಡ ಮಾಡಿದರೆ ಅರ್ಥ ಆಗಲ್ಲ ಅಂತ ನಾನು.

ಈಗ ಆ ಜಗಳವೇ ನಿಂತುಹೋಗಿದೆ. ಬಟನ್ನೇ ಇಲ್ಲವಲ್ಲ, ಅದರ ಜಾಗದಲ್ಲಿ ಎಐ ಚಾಟ್‌ಬಾಟ್ ಬಂದು ಕೂತಿದೆ.

ಅರಸೀಕೆರೆಯಲ್ಲಿ ಒಬ್ಬಳೇ ಇರುವ ನನ್ನ ಅಮ್ಮ ಕಳೆದ ವರ್ಷ ಒಂದು ಆ್ಯಪ್‌ನಲ್ಲಿ ಮಿಕ್ಸಿ ತರಿಸಿದಳು. ಮೊದಲ ದಿನ ಚಟ್ನಿ ರುಬ್ಬುವಾಗಲೇ ಜಾರಿನ ತಳದಿಂದ ನೀರು ಒಸರಿತು. ಇದೇ ಆ್ಯಪ್‌ನಲ್ಲಿ ಹಿಂದೊಮ್ಮೆ ಅಳತೆ ಸರಿಯಿಲ್ಲದ ಚಪ್ಪಲಿಯನ್ನು ಅವಳು ವಾಪಸ್ ಮಾಡಿದ್ದಳು, ನನ್ನನ್ನು ಒಂದು ಮಾತೂ ಕೇಳದೆ. 'ನನ್ನ ಆರ್ಡರ್‌ಗಳು', ಅದರೊಳಗೆ ಚಪ್ಪಲಿಯ ಫೋಟೊ, ಫೋಟೊ ಕೆಳಗೆ 'ವಾಪಸ್ ಮಾಡಿ'. ಮೂರು ಸಲ ಒತ್ತಿದರೆ ಕೆಲಸ ಮುಗಿದಿತ್ತು. ಈ ಸಲ ನೋಡಿದರೆ ಆ ಬಟನ್ ಇದ್ದ ಜಾಗದಲ್ಲಿ ಮಿನುಗು ನಕ್ಷತ್ರದ ಚಿತ್ರ. (ಈ ನಕ್ಷತ್ರ ಯಾರಿಗೆ ಮೊದಲು ಹೊಳೆಯಿತೋ ಗೊತ್ತಿಲ್ಲ, ಈಗ ಯಾವ ಆ್ಯಪ್ ತೆಗೆದರೂ ಅದೇ.) ಒತ್ತಿದರೆ 'ನಮಸ್ಕಾರ! ಇಂದು ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?' ಕೆಳಗೆ ಒಂದು ಖಾಲಿ ಪೆಟ್ಟಿಗೆ.

ಅಮ್ಮ ಒತ್ತಕ್ಷರ ಹುಡುಕಿ ಹುಡುಕಿ ಬರೆದದ್ದು ಇಷ್ಟು: 'ಜಾರು ಸೋರ್ತಾ ಇದೆ.' ಅದಕ್ಕೆ ಬಂದ ಉತ್ತರದ ಸ್ಕ್ರೀನ್‌ಶಾಟ್ ಇನ್ನೂ ನನ್ನ ಹತ್ತಿರ ಇದೆ. 'ನಿಮಗೆ ಉಂಟಾದ ಅನಾನುಕೂಲತೆಗಾಗಿ ನಾನು ಪ್ರಾಮಾಣಿಕವಾಗಿ ವಿಷಾದಿಸುತ್ತೇನೆ' ಅಂತ ಶುರು. ಆಮೇಲೆ ಜಾರನ್ನು ಒಣಬಟ್ಟೆಯಲ್ಲಿ ಒರೆಸಿ, ಮುಚ್ಚಳ ಬಿಗಿಯಾಗಿ ಹಾಕಿ, ಹೀಗೆ ಐದು ಸಲಹೆ. ಇಲ್ಲಿ ಸೋರುತ್ತಿರುವುದು ತಳ, ಅದು ಮುಚ್ಚಳದ ಮಾತಾಡುತ್ತಿದೆ. 'ತಳ ಸೋರ್ತಿರೋದು. ನನಗೆ ಬೇಡ, ತಗೊಂಡ್ಹೋಗಿ' ಎಂದಳು ಅಮ್ಮ. 'ಖಂಡಿತ! ನಿಮ್ಮ ಕೋರಿಕೆಯನ್ನು ದಾಖಲಿಸಲಾಗಿದೆ' ಎಂದಿತು. ಅವಳು ಮಿಕ್ಸಿಯನ್ನು ಮತ್ತೆ ಡಬ್ಬಕ್ಕೆ ಹಾಕಿ, ಟೇಪ್ ಸುತ್ತಿ, ಬಾಗಿಲ ಪಕ್ಕ ಇಟ್ಟು ಕಾದಳು. ಒಂಬತ್ತನೇ ದಿನ ನನಗೆ ಫೋನ್: 'ಏನೇ ಪುಟ್ಟಿ, ಬರ್ಕೊಂಡಿದೀನಿ ಅಂತು, ಯಾರೂ ಬರ್ಲೇ ಇಲ್ವಲ್ಲೇ?' ನಾನು ತೆಗೆದು ನೋಡಿದರೆ ಎಲ್ಲೂ ಏನೂ ದಾಖಲಾಗಿರಲಿಲ್ಲ. ವಾಪಸ್ ಮಾಡುವ ಏಳು ದಿನದ ಗಡುವು ಮುಗಿದಿತ್ತು.

ಕಂಪನಿಯ ಹೆಸರು ಹೇಳಲ್ಲ. ಹೇಳಿದರೆ ತಪ್ಪು ಅವರೊಬ್ಬರದೇ ಅಂದುಕೊಂಡು ಉಳಿದವರು ಕಾಫಿಗೆ ಹೋಗುತ್ತೀರಿ.

ಒಳಗೆ ಏನಾಯಿತು ಅಂತ ನಿಮಗೆ ಗೊತ್ತು, ಅಮ್ಮನಂಥವರಿಗೆ ಗೊತ್ತಿಲ್ಲ. ಈ ಬಾಟ್‌ಗಳ ಹಿಂದಿರುವ ಭಾಷಾ ಮಾಡೆಲ್ ಅನ್ನುವುದು ಮುಂದಿನ ತುಣುಕು ಯಾವುದು ಬರಬಹುದು ಎಂದು ಊಹಿಸುತ್ತಾ ಹೋಗುವ ಯಂತ್ರ. ಗಿರಾಕಿ 'ತಗೊಂಡ್ಹೋಗಿ' ಅಂದ ಮೇಲೆ ಇಂಥ ಸಂಭಾಷಣೆಗಳಲ್ಲಿ ಸಾಮಾನ್ಯವಾಗಿ ಏನು ಬರುತ್ತದೆ? 'ದಾಖಲಿಸಲಾಗಿದೆ' ಅಂತ ಬರುತ್ತದೆ. ಬಂತು. ದಾಖಲಿಸುವುದು ಬೇರೆ ಕೆಲಸ. ಅದಕ್ಕೆ ಆರ್ಡರ್ ವ್ಯವಸ್ಥೆಗೆ ತಂತಿ ಎಳೆಯಬೇಕು, ಅಲ್ಲಿಂದ ನಂಬರ್ ಬಂದಮೇಲೆ ಮಾತ್ರ ಆ ವಾಕ್ಯ ಬರುವ ಹಾಗೆ ಕಟ್ಟಬೇಕು. ಆ ತಂತಿ ಎಳೆಯುವ ಮೊದಲೇ ನೀವು ಬಟನ್ ಕಿತ್ತುಹಾಕಿದಿರಿ.

ಹಾಗಂತ ನಾನು ಈ ಹೊಸ ವಿದ್ಯೆಯ ವಿರೋಧಿಯಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್ 30ಕ್ಕೆ ಬಂತು. ಅದರ ಮರುವಾರದಿಂದಲೇ ನಾನು ಬಳಸುತ್ತಿದ್ದೇನೆ. ಅಮ್ಮನ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಇರುವುದು ಏನು, ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಕನ್ನಡದಲ್ಲಿ ವಿವರಿಸಿ ಹೇಳಿದ್ದು ಇಂಥದ್ದೇ ಒಂದು ಮಾಡೆಲ್. ಓದು ಬರಹ ಬಾರದವರು ಬಾಯಿಮಾತಲ್ಲಿ ಕೇಳಿ ಸರ್ಕಾರಿ ಯೋಜನೆಯ ವಿವರ ತಿಳಿಯಬಹುದು ಅಂದರೆ ಅದು ಸಣ್ಣ ಮಾತಲ್ಲ. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನದ ಯೋಜನೆ ಭಾಷಿಣಿ 2022ರಿಂದ ಇದೇ ದಾರಿಯಲ್ಲಿದೆ. ನಿಮ್ಮ ಕೆಲಸವೂ ಹಗುರ ಆಗಿದೆ. ಮೊದಲು ಒಂದು ವಾರ ಹಿಡಿಯುತ್ತಿದ್ದ ಮಾದರಿಯನ್ನು ಈಗ ಒಂದು ಮಧ್ಯಾಹ್ನದಲ್ಲಿ, ಬರೀ ಮಾತಲ್ಲಿ ಹೇಳಿ, ಓಡುವ ಆ್ಯಪ್ ಮಾಡಿಯೇ ತೋರಿಸುತ್ತೀರಿ. ಇದೆಲ್ಲ ಖುಷಿಯ ವಿಷಯವೇ. ನನ್ನ ತಕರಾರು ಒಂದೇ: ಮಾತಿನ ಪೆಟ್ಟಿಗೆ ಇಡುವುದು ಬೇರೆ, ಅದನ್ನು ಇಡುವುದಕ್ಕೆ ಕಣ್ಣಿಗೆ ಕಾಣುವ ದಾರಿಗಳನ್ನೆಲ್ಲ ಮುಚ್ಚುವುದು ಬೇರೆ.

ಬಳಕೆ ಸುಲಭವಾಗಿರಬೇಕು ಅಂತ ದಶಕಗಳಿಂದ ಹೇಳುತ್ತಾ ಬಂದ ಜೇಕಬ್ ನೀಲ್ಸನ್ 2023ರಲ್ಲಿ ಬರೆದದ್ದು ನಿಮಗೆ ನೆನಪಿರಬೇಕು. ಕಂಪ್ಯೂಟರ್ ಜೊತೆ ವ್ಯವಹರಿಸುವ ರೀತಿಯಲ್ಲಿ ಅರವತ್ತು ವರ್ಷಕ್ಕೆ ಇದೇ ಮೊದಲ ಹೊಸ ಮಾದರಿ ಎಂದರು ಅವರು. ಮೊದಲು ಹೀಗೆ ಮಾಡು, ಹಾಗೆ ಮಾಡು ಅಂತ ಒಂದೊಂದೇ ಹೆಜ್ಜೆ ಹೇಳುತ್ತಿದ್ದೆವು, ಈಗ ಏನು ಬೇಕು ಅಂತ ಹೇಳಿದರೆ ಸಾಕು. ಈ ಮಾತನ್ನು ನಿಮ್ಮಲ್ಲಿ ತುಂಬ ಜನ ಮೀಟಿಂಗ್‌ಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಆದರೆ ಅದೇ ನೀಲ್ಸನ್ ಇನ್ನೊಂದನ್ನೂ ಹೇಳಿದ್ದರು: ಶ್ರೀಮಂತ ದೇಶಗಳಲ್ಲೇ ಅರ್ಧದಷ್ಟು ಜನಕ್ಕೆ ತಮಗೆ ಬೇಕಾದದ್ದನ್ನು ಸರಿಯಾಗಿ ಬರೆದು ಹೇಳುವುದು ಕಷ್ಟ, ಹಾಗಾಗಿ ಇದು ದೊಡ್ಡ ಅಡ್ಡಗೋಡೆ ಆಗುತ್ತದೆ ಅಂತ. ಇದನ್ನು ಮಾತ್ರ ಯಾರೂ ಮೀಟಿಂಗಿನಲ್ಲಿ ಹೇಳಿದ್ದು ಕೇಳಿಲ್ಲ.

ಬೆಳಿಗ್ಗೆ ತಿಂಡಿಗೆ ನೀವೂ ದರ್ಶಿನಿಗೆ ಹೋಗುತ್ತೀರಿ. ಕೌಂಟರಿನ ಮೇಲೆ ಬೋರ್ಡ್ ಇರುತ್ತದೆ. ಇಡ್ಲಿ ವಡೆ, ಖಾರಾಬಾತ್, ಪಕ್ಕದಲ್ಲಿ ರೇಟು. ಯಾವುದು ಮುಗಿದಿದೆಯೋ ಅದರ ಪಟ್ಟಿ ತೆಗೆದಿರುತ್ತಾರೆ. ಹಿಂದೆ ನಿಂತವನು ಬೋರ್ಡ್ ಓದಿಕೊಂಡೇ ಬರುತ್ತಾನೆ, ಕೌಂಟರ್ ಮುಂದೆ ಬಂದಾಗ ಚಿಲ್ಲರೆ ಕೈಯಲ್ಲಿ ಇರುತ್ತದೆ. ಈಗ ಆ ಬೋರ್ಡ್ ಇಳಿಸಿ, ನಗುಮುಖದವನೊಬ್ಬನನ್ನು ಕೂರಿಸಿ, 'ನಿಮಗೆ ಏನು ಬೇಕೋ ಬಾಯಿಬಿಟ್ಟು ಕೇಳಿ ಸಾರ್' ಅಂತ ಹೇಳಿಸಿದರೆ ಹೇಗಿರುತ್ತದೆ? ಅವನಿಗೆ ಇಲ್ಲ ಅನ್ನುವುದೇ ಗೊತ್ತಿಲ್ಲ. ಶ್ಯಾವಿಗೆ ಬಾತ್ ಇದೆಯಾ ಅಂದರೆ ಇದೆ ಸಾರ್ ಅಂತಾನೆ. ಕೂಪನ್ನೂ ಹರಿದು ಕೊಡುತ್ತಾನೆ. ಅಡುಗೆಮನೆ ಕಿಟಕಿಗೆ ಹೋದರೆ ಅಲ್ಲಿ ಭಟ್ಟರು ನಿಮ್ಮ ಮುಖ ನೋಡುತ್ತಾರೆ. ಬೋರ್ಡ್ ಇಲ್ಲದೆ ಇದ್ದರೆ ಏನು ಸಿಗುತ್ತದೆ ಅನ್ನುವುದನ್ನು ಊಹಿಸುವ ಕೆಲಸ ಗಿರಾಕಿಯ ತಲೆಗೆ ಬರುತ್ತದೆ. ಅದು ನಿಮ್ಮ ಕೆಲಸ ಆಗಿತ್ತು, ಅಲ್ವಾ?

ಪರದೆಯೇ ಬೇಡ, ಮಾತಾಡಿದರೆ ಸಾಕು ಅಂತ ಅಮೆರಿಕದಲ್ಲಿ ಒಂದು ಕಂಪನಿ ಎದೆಗೆ ಸಿಕ್ಕಿಸಿಕೊಳ್ಳುವ ಪಿನ್ ಮಾಡಿತು. ಹ್ಯೂಮೇನ್ ಎಐ ಪಿನ್. 2024ರ ಏಪ್ರಿಲ್‌ನಲ್ಲಿ ಬಂತು, ಬೆಲೆ 699 ಡಾಲರ್. ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ ಅಂಗಡಿ ಮುಚ್ಚಿ ಆಸ್ತಿಯ ಹೆಚ್ಚಿನ ಪಾಲನ್ನು ಎಚ್‌ಪಿಗೆ ಮಾರಿತು. ನಮ್ಮ ತರಕಾರಿ ಅಂಗಡಿಯ ಸೌಂಡ್ ಬಾಕ್ಸ್ ನೋಡಿ. ಅದಕ್ಕೂ ಪರದೆ ಬೇಕಿಲ್ಲ, ಆದರೆ ಅದು ಯಾರನ್ನೂ ಏನೂ ಕೇಳುವುದಿಲ್ಲ. ದುಡ್ಡು ಬಂದರೆ ಇಷ್ಟು ಬಂತು ಅಂತ ಕನ್ನಡದಲ್ಲಿ ಕೂಗುತ್ತದೆ, ಬರದಿದ್ದರೆ ಸುಮ್ನೆ ಇರುತ್ತದೆ. ಬಾರದ ದುಡ್ಡನ್ನು ಬಂತು ಅಂತ ವಿನಯದಿಂದ ಹೇಳಿದ್ದರೆ ಒಂದೇ ವಾರಕ್ಕೆ ಮೂಲೆ ಸೇರುತ್ತಿತ್ತು.

ಬಾಟ್ ಹೇಳಿದ ಸುಳ್ಳಿಗೆ ಹೊಣೆ ಯಾರು ಅನ್ನುವ ಪ್ರಶ್ನೆ ಕೆನಡಾದಲ್ಲಿ ನ್ಯಾಯದ ಕಟ್ಟೆ ಹತ್ತಿದೆ. ಅಜ್ಜಿ ತೀರಿಕೊಂಡ ಒಬ್ಬ ಪ್ರಯಾಣಿಕ ಏರ್ ಕೆನಡಾದ ಚಾಟ್‌ಬಾಟನ್ನು ಕೇಳಿದ. ಸಾವಿನ ಮನೆಗೆ ಹೋಗುವವರಿಗೆ ಇರುವ ರಿಯಾಯಿತಿಗೆ ಟಿಕೆಟ್ ತಗೊಂಡ ಮೇಲೂ ಅರ್ಜಿ ಹಾಕಬಹುದು ಅಂತ ಅದು ಹೇಳಿತು. ಕಂಪನಿಯ ನಿಯಮದಲ್ಲಿ ಹಾಗೆ ಇರಲಿಲ್ಲ. ವಿಚಾರಣೆಯಲ್ಲಿ ಕಂಪನಿ ಇಟ್ಟ ವಾದ ಕೇಳಿ: ಚಾಟ್‌ಬಾಟ್ ಒಂದು ಪ್ರತ್ಯೇಕ ವ್ಯಕ್ತಿ ಇದ್ದ ಹಾಗೆ, ಅದರ ಮಾತಿಗೆ ಅದೇ ಜವಾಬ್ದಾರಿ! ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಇದನ್ನು ಒಪ್ಪಲಿಲ್ಲ. ನಿಮ್ಮ ಸೈಟಿನಲ್ಲಿ ಇರುವುದಕ್ಕೆಲ್ಲ ನೀವೇ ಹೊಣೆ, ದುಡ್ಡು ಕೊಡಿ ಎಂದಿತು. ಮೊತ್ತ ದೊಡ್ಡದಲ್ಲ, 800 ಚಿಲ್ಲರೆ ಕೆನಡಾ ಡಾಲರ್. ಅಮ್ಮನ ಮಿಕ್ಸಿಯ ದುಡ್ಡೂ ದೊಡ್ಡದಲ್ಲ. ದೊಡ್ಡ ಮೊತ್ತ ಅಲ್ಲ ಅಂತಲೇ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಆ ಧೈರ್ಯದ ಮೇಲೆಯೇ ಇದೆಲ್ಲ ನಡೆಯುತ್ತಿದೆ ಅನ್ನುವ ಅನುಮಾನ ನನಗೆ.

ಇನ್ನು ಕನ್ನಡದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ತಾಳ್ಮೆ ಇರಲಿ, ಇದು ನನ್ನ ಕ್ಷೇತ್ರ.

'ಕನ್ನಡ' ಅನ್ನುವ ಪದ ಬಾಯಲ್ಲಿ ಮೂರೇ ಅಕ್ಷರ. ಕಂಪ್ಯೂಟರಿಗೆ ಅದು ಐದು ಸಂಕೇತ: ಕ, ನ, ಒತ್ತು ಕೂಡಿಸುವ ಗುರುತು, ಮತ್ತೆ ನ, ಡ. ಒಂದೊಂದಕ್ಕೆ ಮೂರು ಬೈಟ್ (ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಲೆಕ್ಕ), ಒಟ್ಟು 15. ಇದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 7 ಬೈಟ್. 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ 18 ಬೈಟ್ ಬೇಕು. ಇದು ಯಾರ ತಪ್ಪೂ ಅಲ್ಲ, ಕಂಪ್ಯೂಟರಿನಲ್ಲಿ ನಮ್ಮ ಲಿಪಿಗೆ ಸಂಕೇತ ಕೊಟ್ಟಿರುವುದೇ ಹಾಗೆ. ಆದರೆ ಮೊದಮೊದಲ ಮಾಡೆಲ್‌ಗಳು ಮಾತನ್ನು ತುಣುಕು ಮಾಡುವ ಲೆಕ್ಕವನ್ನು ಹೆಚ್ಚಾಗಿ ಇಂಗ್ಲಿಷ್ ನೋಡಿಕೊಂಡು ಮಾಡಿದ್ದವು. ಆ ತುಣುಕಿಗೆ ಟೋಕನ್ ಅನ್ನುತ್ತಾರೆ. ಇಂಗ್ಲಿಷ್ ಪದ ಒಂದೋ ಎರಡೋ ಟೋಕನ್ ಆದರೆ ನಮ್ಮ ಪದ ಪುಡಿಪುಡಿ. ಬಿಲ್ ಬರುವುದು ಟೋಕನ್ ಲೆಕ್ಕದಲ್ಲಿ. ಅಂದರೆ ಅದೇ ಪ್ರಶ್ನೆ, ಅದೇ ಉತ್ತರ, ಆದರೆ ಕನ್ನಡದಲ್ಲಿ ಆಡಿದರೆ ಜಾಸ್ತಿ ಖರ್ಚು. 2024ರ ಮೇ ತಿಂಗಳಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಹೊಸ ಮಾಡೆಲ್ ತಂದಾಗ ತೆಲುಗಿಗೆ ಬೇಕಾದ ಟೋಕನ್ 3.5 ಪಟ್ಟು ಕಡಿಮೆ ಆಯಿತು ಅಂತ ತಾನೇ ಹೇಳಿಕೊಂಡಿತು. ಒಳ್ಳೆಯದೇ. ಅಲ್ಲಿಯವರೆಗೆ ನಮ್ಮ ಅಕ್ಕಪಕ್ಕದ ಭಾಷೆಗಳು ಎಷ್ಟು ದಂಡ ಕಟ್ಟುತ್ತಿದ್ದವು ಅನ್ನುವುದೂ ಅದರಿಂದಲೇ ಗೊತ್ತಾಯಿತು.

ಟೈಪ್ ಮಾಡುವ ಕಷ್ಟ ಇದಕ್ಕಿಂತ ಹಳೆಯದು. ಕೆ.ಪಿ. ರಾವ್ ಅವರಂಥವರು ತಲೆ ಕೆಡಿಸಿಕೊಂಡು ಕೀಲಿಮಣೆಯ ಜೋಡಣೆ ಮಾಡಿಕೊಟ್ಟರು, ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ನಿಂತಿರುವುದು ಅದರ ಮೇಲೆಯೇ. ಆದರೂ ಇವತ್ತಿಗೂ ಅರ್ಧ ಕರ್ನಾಟಕ ವಾಟ್ಸ್ಆ್ಯಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತದೆ, ಇಲ್ಲವೇ ವಾಯ್ಸ್ ಮೆಸೇಜ್ ಹಾಕುತ್ತದೆ. ಇಂಥವರ ಮುಂದೆ ಬಟನ್ ತೆಗೆದು 'ಬರೆಯಿರಿ' ಅನ್ನುತ್ತಿದ್ದೀರಿ. ಬರೆದರೂ ಯಾವ ಕನ್ನಡ? ಅಮ್ಮ ಬರೆದದ್ದು 'ಸೋರ್ತಾ ಇದೆ'. ಹುಬ್ಬಳ್ಳಿಯ ಗೆಳತಿಯಾದರೆ 'ಸೋರಾಕತ್ತೈತಿ' ಎಂದು ಬರೆಯುತ್ತಿದ್ದಳು. ಮಂಗಳೂರಿನವರು 'ಸೋರ್ತಾ ಉಂಟು' ಅನ್ನುತ್ತಾರೆ. ನೀವು ಪರೀಕ್ಷೆ ಮಾಡಿದ್ದು 'ಸೋರುತ್ತಿದೆ' ಅಂತ ಬರೆದು. ಹಾಗೆ ಬರೆಯುವವರು ನಾನು ಮತ್ತು ಕನ್ನಡ ಮೇಷ್ಟ್ರು ಮಾತ್ರ.

ಯಂತ್ರದ ಕನ್ನಡ ಎಲ್ಲಿ ಎಡವುತ್ತದೆ ಅನ್ನುವುದಕ್ಕೆ 2025ರ ಜುಲೈನಲ್ಲಿ ನಡೆದದ್ದು ಸಾಕು. ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಅವರ ಕಚೇರಿಯ ಫೇಸ್‌ಬುಕ್ ಪುಟದಲ್ಲಿ ಕನ್ನಡದಲ್ಲಿ ಬಂತು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ, ತಾನೇತಾನಾಗಿ ಆಗುವ ಅನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ತೀರಿಕೊಂಡರು ಅನ್ನುವ ಹಾಗೆ ಮಾಡಿಬಿಟ್ಟಿತು. ನಮ್ಮ ವ್ಯಾಕರಣ ಗೊತ್ತಿದ್ದವರಿಗೆ ಎಲ್ಲಿ ಜಾರಿತು ಅಂತ ತಕ್ಷಣ ಕಾಣುತ್ತದೆ. 'ನಿಧನರಾದ' ಅನ್ನುವುದು ಕನ್ನಡದಲ್ಲಿ ಮುಂದೆ ಬರುವ ಹೆಸರಿಗೆ ಅಂಟಿಕೊಳ್ಳುವ ಪದ. ಯಂತ್ರ ಅದನ್ನು ಹಿಂದಿನ ಹೆಸರಿಗೆ ಅಂಟಿಸಿತು. ಐದನೇ ಕ್ಲಾಸಿನ ಹುಡುಗ ಈ ತಪ್ಪು ಮಾಡಲ್ಲ. ಮುಖ್ಯಮಂತ್ರಿ ಕಚೇರಿಯಿಂದ ಪತ್ರ ಹೋಯಿತು, ಮೆಟಾ ಕ್ಷಮೆ ಕೇಳಿ ಸರಿಮಾಡಿತು. ಅರಸೀಕೆರೆಯಿಂದ ಪತ್ರ ಹೋಗಿದ್ದರೆ ಯಾರು ಓದುತ್ತಿದ್ದರು ಹೇಳಿ.

ಇದಕ್ಕೂ ಮುಂಚಿನದು ಒಂದಿದೆ, ನಿಮ್ಮಲ್ಲಿ ಕನ್ನಡಿಗರು ಮರೆತಿರಲಿಕ್ಕಿಲ್ಲ. 2021ರ ಜೂನ್. ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಗೂಗಲ್ ಕೇಳಿದರೆ ಮೇಲೆ ಪೆಟ್ಟಿಗೆ ಕಟ್ಟಿ 'ಕನ್ನಡ' ಅಂತ ತೋರಿಸುತ್ತಿತ್ತು. ಗಲಾಟೆ ಆಯಿತು, ಗೂಗಲ್ ಕ್ಷಮೆ ಕೇಳಿತು. ಅದು ಗೂಗಲ್‌ನ ಸ್ವಂತ ಅಭಿಪ್ರಾಯ ಆಗಿರಲಿಲ್ಲ. ಯಾವುದೋ ತಲೆಬುಡ ಇಲ್ಲದ ಸೈಟಿನಲ್ಲಿ ಬರೆದಿದ್ದನ್ನು ಹೆಕ್ಕಿ ಪೆಟ್ಟಿಗೆಯೊಳಗೆ ಕೂರಿಸಿತ್ತು. ಪೆಟ್ಟಿಗೆಯೊಳಗೆ ಕೂತ ಕೂಡಲೇ ಅದಕ್ಕೆ ತೀರ್ಪಿನ ಗತ್ತು ಬಂತು. ಆದರೆ ಆಗ ಕೆಳಗೊಂದು ಲಿಂಕ್ ಕಾಣುತ್ತಿತ್ತು, ಇದು ಎಲ್ಲಿಂದ ಬಂತು ಅಂತ ಯಾರು ಬೇಕಾದರೂ ಹೋಗಿ ನೋಡಿ ಬೈಯಬಹುದಿತ್ತು. ಈಗ ಹತ್ತು ಸೈಟುಗಳ ಮಾತನ್ನು ಒಟ್ಟಿಗೆ ರುಬ್ಬಿ ಎಐ ಸಾರಾಂಶ ಅಂತ ಒಂದು ಉತ್ತರ ಮಾಡಿಕೊಡುತ್ತಾರೆ. 2024ರ ಮೇ ತಿಂಗಳಲ್ಲಿ ಗೂಗಲ್ ಇದನ್ನು ಅಮೆರಿಕದಲ್ಲಿ ಎಲ್ಲರಿಗೂ ಬಿಟ್ಟಾಗ, ಪಿಜ್ಜಾ ಮೇಲಿನ ಚೀಸ್ ಜಾರದೆ ಇರಲು ಅಂಟು ಹಾಕಿ ಅಂತ ಅದು ಸಲಹೆ ಕೊಟ್ಟಿತು. ಅದಕ್ಕೂ ಹನ್ನೊಂದು ವರ್ಷ ಮೊದಲು ಜನ ಹರಟೆ ಹೊಡೆಯುವ ಸೈಟ್ ರೆಡಿಟ್‌ನಲ್ಲಿ ಯಾರೋ ತಮಾಷೆಗೆ ಬರೆದದ್ದು ಅದು. ರುಬ್ಬಿದ ಮೇಲೆ ಚಟ್ನಿಯಲ್ಲಿ ಕಲ್ಲು ಯಾವ ಕಡಲೆಯಿಂದ ಬಂತು ಅಂತ ಹೇಗೆ ಹುಡುಕುತ್ತೀರಿ?

ಬಟನ್ ಮತ್ತು ಲಿಂಕ್ ಎರಡನ್ನೂ ಒಂದೇ ಪತ್ರದಲ್ಲಿ ಯಾಕೆ ಎಳೆದು ತಂದೆ ಅಂದರೆ, ಎರಡೂ ಒಂದೇ ಜಾತಿಯವು. ಬಟನ್ ನೋಡಿದರೆ ಇಲ್ಲಿ ಏನು ಸಿಗುತ್ತದೆ ಅಂತ ಗೊತ್ತಾಗುತ್ತದೆ. ಲಿಂಕ್ ನೋಡಿದರೆ ಇದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಎರಡನ್ನೂ ತೆಗೆದರೆ ನಗುಮುಖದವನು ಹೇಳಿದ್ದೇ ಗತಿ.

ಲಿಂಕ್ ಕೆಳಗೆ ಇದ್ದೇ ಇದೆಯಲ್ಲ ಮೇಡಂ ಅನ್ನುತ್ತೀರಿ. ಇದೆ, ಒತ್ತುವವರು ಕಮ್ಮಿ ಆಗಿದ್ದಾರೆ. ಪ್ಯೂ ಅನ್ನುವ ಸಂಶೋಧನಾ ಸಂಸ್ಥೆ 2025ರಲ್ಲಿ ಅಮೆರಿಕದ ಸುಮಾರು 900 ಜನರ ಹುಡುಕಾಟ ಗಮನಿಸಿತು. ಎಐ ಸಾರಾಂಶ ಇಲ್ಲದಾಗ ನೂರರಲ್ಲಿ 15 ಸಲ ಜನ ಲಿಂಕ್ ಒತ್ತಿದ್ದರು, ಸಾರಾಂಶ ಕಂಡಾಗ 8 ಸಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಕಿಪೀಡಿಯ ನಡೆಸುವ ವಿಕಿಮೀಡಿಯದವರೂ ಹೇಳಿದರು, ವಿಕಿಪೀಡಿಯದಲ್ಲಿ ಮನುಷ್ಯರು ಪುಟ ತೆರೆದು ನೋಡುವುದು ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಸುಮಾರು ಶೇ. 8ರಷ್ಟು ಕಡಿಮೆ ಆಗಿದೆ ಅಂತ. ಇಂಗ್ಲಿಷ್ ವಿಕಿಪೀಡಿಯ ಇದನ್ನು ತಡೆದುಕೊಳ್ಳಬಹುದು, ಅಲ್ಲಿ 70 ಲಕ್ಷಕ್ಕೂ ಜಾಸ್ತಿ ಲೇಖನ ಇವೆ. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯದಲ್ಲಿ ಇರುವುದು 30 ಸಾವಿರ ಚಿಲ್ಲರೆ. ಅದನ್ನು ಬರೆದವರು ಮೇಷ್ಟ್ರುಗಳು, ಕಾಲೇಜು ಹುಡುಗರು, ರಿಟೈರ್ ಆದ ಬ್ಯಾಂಕಿನವರು. ಸಂಬಳ ಇಲ್ಲ. ಯಾರೋ ಓದುತ್ತಾರೆ ಅನ್ನುವುದೊಂದೇ ಸಂಬಳ. ಓದುವವರು ಬಾಗಿಲಿಗೇ ಬರದಿದ್ದರೆ ಅವರು ಯಾಕೆ ಬರೆಯಬೇಕು? ಅವರು ಬರೆಯದಿದ್ದರೆ ನಿಮ್ಮ ಮಾಡೆಲ್ ಕನ್ನಡ ಕಲಿಯುವುದು ಯಾವುದರಿಂದ? ಈಗಲೇ ನೆಟ್ಟಿನಲ್ಲಿ ಹೊಸದಾಗಿ ಕಾಣುವ ಕನ್ನಡದಲ್ಲಿ ಯಂತ್ರ ಬರೆದದ್ದು ಬಹಳ ಇದೆ, ಓದಿದರೆ ಮೂಗಿಗೆ ಬಡಿಯುತ್ತದೆ. 'ತಡೆರಹಿತ ಅನುಭವ', 'ನಿಮ್ಮ ಪಯಣವನ್ನು ಇಂದೇ ಆರಂಭಿಸಿ', 'ಬನ್ನಿ, ಆಳಕ್ಕೆ ಇಳಿಯೋಣ'. ಸಾಲದ ಆ್ಯಪ್ಪಿಗೂ ಪಯಣ, ಮೂಲವ್ಯಾಧಿ ಔಷಧಿಗೂ ಪಯಣ. ಇದನ್ನೇ ಮುಂದಿನ ಮಾಡೆಲ್ ಓದಿ ಕನ್ನಡ ಅಂದರೆ ಇದು ಅಂದುಕೊಳ್ಳುತ್ತದೆ.

ನನ್ನ ಕೆಲಸದ ಮೇಲಿನ ಹೊಟ್ಟೆಯುರಿ ಇದು ಅಂತ ನೀವು ಅಂದುಕೊಳ್ಳಬಹುದು. ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ. ಈಗ ಶೀಟಿನ ಬಲಗಡೆ ಕಾಲಮ್ಮು ತುಂಬಿಕೊಂಡೇ ಬರುತ್ತದೆ, ನನಗೆ ಬರೀ 'ಒಮ್ಮೆ ಕಣ್ಣಾಡಿಸಿ' ಅನ್ನುತ್ತಾರೆ. ರೇಟು ಮೂರನೇ ಒಂದು ಭಾಗ. ಹೋದ ತಿಂಗಳು ಒಂದು ಸ್ಕ್ರೀನಿನಲ್ಲಿ ಆರ್ಡರ್ ರದ್ದು ಮಾಡುವ ಕಡೆ 'ನಿಮ್ಮ ಆದೇಶವನ್ನು ರದ್ದುಗೊಳಿಸಲಾಗಿದೆ' ಅಂತಿತ್ತು. ಆದೇಶ ಕೊಡೋಕೆ ಅಮ್ಮ ಏನು ಜಿಲ್ಲಾಧಿಕಾರಿಯೇ? 'ಆರ್ಡರ್ ಕ್ಯಾನ್ಸಲ್ ಆಗಿದೆ' ಅಂತ ತಿದ್ದಿ ಕಳಿಸಿದೆ. ವಾರ ಕಳೆದ ಮೇಲೆ ನೋಡಿದರೆ ಆದೇಶವೇ ಇತ್ತು.

ಎಲ್ಲವನ್ನೂ ಮೊದಲಿನ ಹಾಗೆ ಮಾಡಿ ಅಂತ ನಾನು ಕೇಳುತ್ತಿಲ್ಲ. ನಕ್ಷತ್ರ ಇರಲಿ. ಅದರ ಪಕ್ಕ 'ವಾಪಸ್ ಮಾಡಿ' ಬಟನ್ನೂ ಇರಲಿ, ಜಾಗ ಇಲ್ಲ ಅನ್ನಬೇಡಿ, ಜಾಹೀರಾತಿಗೆ ಜಾಗ ಇದೆ. ಬಾಟ್ 'ದಾಖಲಿಸಲಾಗಿದೆ' ಅನ್ನಬೇಕಾದರೆ ಕೆಳಗೆ ದೂರಿನ ನಂಬರ್ ಬರಬೇಕು, ನಂಬರ್ ಇಲ್ಲದೆ ಆ ಮಾತು ಅದರ ಬಾಯಲ್ಲಿ ಬರದಂತೆ ಕಟ್ಟಿಹಾಕುವುದು ನಿಮ್ಮ ಎಂಜಿನಿಯರುಗಳಿಗೆ ಕಷ್ಟ ಅಲ್ಲ. ಬಾಟ್‌ಗೆ ಗೊತ್ತಾಗದಿದ್ದರೆ ಮನುಷ್ಯರ ಹತ್ತಿರ ಹೋಗುವ ದಾರಿ ಎರಡು ಒತ್ತಿನಲ್ಲಿ ಸಿಗಬೇಕು. ಸ್ವೀಡನ್‌ನ ಕ್ಲಾರ್ನಾ ಕಂಪನಿ 2024ರಲ್ಲಿ ನಮ್ಮ ಎಐ 700 ಜನರ ಕೆಲಸ ಮಾಡುತ್ತಿದೆ ಅಂತ ಹೇಳಿಕೊಂಡಿತ್ತು, ಮರುವರ್ಷ ಗಿರಾಕಿಗಳ ಜೊತೆ ಮಾತಾಡಲು ಮತ್ತೆ ಮನುಷ್ಯರನ್ನು ತೆಗೆದುಕೊಳ್ಳಲು ಶುರು ಮಾಡಿತು. ನೀವು ಆ ಸುತ್ತು ಹಾಕಿಕೊಂಡೇ ಬರಬೇಕು ಅಂತೇನಿಲ್ಲ.

ಇನ್ನೊಂದು. ಬಿಡುಗಡೆಗೆ ಮೊದಲು ಅಮ್ಮನಂಥವರ ಕೈಗೆ ಫೋನ್ ಕೊಟ್ಟು ನೋಡಿ. ಆಫೀಸಿನ ಕ್ಯಾಂಟೀನಿನವರು, ಸೆಕ್ಯುರಿಟಿಯವರು ಯಾರಾದರೂ ಆದೀತು, ಮತ್ತು ಅವರಿಗೆ ಆ ಹೊತ್ತಿನ ದುಡ್ಡು ಕೊಡಿ. ಯಾರೂ ಸಿಗದಿದ್ದರೆ ಅಮ್ಮನನ್ನೇ ಕರೆದುಕೊಂಡು ಬರುತ್ತೇನೆ. ಕೇಳಿದೆ, ಒಪ್ಪಿದ್ದಾಳೆ. 'ಅದೇನು ಮಾತಾಡುತ್ತೋ ನಾನೂ ಒಂದು ಕೈ ನೋಡ್ತೀನಿ' ಅಂದಳು. ಜಾರಿಗೆ ಊರಿನ ರಿಪೇರಿ ಅಂಗಡಿಯವನು ಹೊಸ ವಾಷರ್ ಹಾಕಿಕೊಟ್ಟಿದ್ದಾನೆ, 40 ರೂಪಾಯಿ, ಈಗ ಸೋರುತ್ತಿಲ್ಲ. ಅದನ್ನೂ ತರುತ್ತಾಳಂತೆ, ತೋರಿಸುವುದಕ್ಕೆ. ಬುಧವಾರ ಬಿಟ್ಟು ಯಾವ ದಿನ ಆದರೂ ಸರಿ. ಮಂಡಿನೋವು ಇದೆ, ಲಿಫ್ಟ್ ಇರುವ ಆಫೀಸ್ ಆದರೆ ಅನುಕೂಲ.

ಇತಿ,
ನಿಮ್ಮ ಶೀಟಿನ ಬಲಗಡೆ ಕಾಲಮ್ಮಿನವಳು